ತಿದ್ದುವ ಚಟ

"ಹೇಗೂ ನೀವು ತಿದ್ದುತ್ತೀರಲ್ವಾ ಸರ್, ಅದಕ್ಕೇ ಇಷ್ಟಕ್ಕೆ ಬಿಟ್ಟೆ."

ನಮ್ಮ ತಂಡದ ಸಹೋದ್ಯೋಗಿಯೊಬ್ಬರು ಈ ಮಾತು ಹೇಳಿದಾಗ ಅವರ ದನಿಯಲ್ಲಿ ಕೋಪ ಇರಲಿಲ್ಲ, ಕೊಂಕೂ ಇರಲಿಲ್ಲ. ಮಳೆ ಬರೋ ಹಾಗಿದೆ, ಕೊಡೆ ತಂದೆ ಅನ್ನುವಷ್ಟು ಸಹಜವಾಗಿ ಹೇಳಿದರು. ನನಗೆ ಚುಚ್ಚಿದ್ದೇ ಅದು. ಅವರು ಕಳಿಸಿದ್ದ ವರದಿ ಅರ್ಧಂಬರ್ಧ ಇತ್ತು. ಕೊನೆಯ ಎರಡು ಪುಟಗಳಲ್ಲಿ ಬರೀ ಅಂಕಿ, ಅದರಿಂದ ಏನು ಗೊತ್ತಾಗುತ್ತದೆ ಅಂತ ಒಂದು ಸಾಲೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ವ್ಯಕ್ತಿ, ಒಂದು ಗ್ರಾಫಿನ ಬಣ್ಣ ಸರಿ ಇದೆಯಾ ಅಂತ ಮೂರು ಸಲ ಬಂದು ಕೇಳಿದ್ದರು.

ನಡುವೆ ಅಡ್ಡ ಬಂದವನು ನಾನು. ಅವರ ಮೊದಲ ವರದಿಯನ್ನು ರಾತ್ರಿ ಹನ್ನೊಂದಕ್ಕೆ ತೆರೆದು, ಒಂದು ವಾಕ್ಯ ಸರಿಮಾಡೋಣ ಅಂತ ಶುರು ಮಾಡಿ, ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಭಾಗ ಹೊಸದಾಗಿ ಬರೆದು, ಬೆಳಿಗ್ಗೆ ಅವರು ಬರುವ ಮೊದಲೇ ಮೇಲಿನವರಿಗೆ ಕಳಿಸಿಬಿಟ್ಟಿದ್ದೆ. ಅವರಿಗೆ ಒಂದು ಮೆಸೇಜ್: "ಚೆನ್ನಾಗಿತ್ತು, ಸ್ವಲ್ಪ ತಿದ್ದಿದ್ದೇನೆ ಅಷ್ಟೇ." ಸಹಾಯ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಎರಡನೇದಕ್ಕೂ ಹಾಗೇ, ಮೂರನೇದಕ್ಕೂ ಹಾಗೇ. ನಾಲ್ಕನೇದರ ಹೊತ್ತಿಗೆ ಅವರು ಬುದ್ಧಿವಂತರಾದರು.

ತಮಾಷೆ ಏನಂದ್ರೆ, ಅದೇ ತಿಂಗಳುಗಳಲ್ಲಿ ನಾನು ತಂಡಕ್ಕೆ ಹುರುಪು ತುಂಬುವ ಕೆಲಸವನ್ನೂ ಜೋರಾಗಿ ಮಾಡುತ್ತಿದ್ದೆ. ತಿಂಗಳ ಉತ್ತಮ ಉದ್ಯೋಗಿ ಅಂತ ಸರ್ಟಿಫಿಕೇಟ್, ಸೋಮವಾರ ಬೆಳಿಗ್ಗೆ ಹತ್ತು ನಿಮಿಷದ ಭಾಷಣ, ಟಾರ್ಗೆಟ್ ಮುಟ್ಟಿದವರಿಗೆ ಗಿಫ್ಟ್ ಕಾರ್ಡ್. ತೂತು ಬಿಂದಿಗೆಗೆ ನೀರು ಹೊಯ್ಯುತ್ತಿದ್ದೆ. ತೂತು ಕೊರೆಯುತ್ತಿದ್ದವನೂ ನಾನೇ.

ಬಹುಮಾನದ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ, ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳ ಕೈಗೆ ಸೋಮಾ ಅನ್ನುವ ಏಳು ತುಂಡುಗಳ ಪಜಲ್ ಕೊಟ್ಟು, ಮೂರು ಸಲ ಕರೆಸಿ ಆಡಿಸಿದರು. ಒಂದು ಗುಂಪಿಗೆ ಎರಡನೇ ಸಲ ಮಾತ್ರ, ಬಿಡಿಸಿದ ಒಂದೊಂದು ಆಕಾರಕ್ಕೂ ಒಂದು ಡಾಲರ್. ಪ್ರತಿ ಸಲವೂ ನಡುವೆ ಏನೋ ನೆಪ ಹೇಳಿ ಎಂಟು ನಿಮಿಷ ಅವರನ್ನು ಒಬ್ಬರೇ ಬಿಟ್ಟು ಹೋಗುತ್ತಿದ್ದರು. ಮೇಜಿನ ಮೇಲೆ ಮ್ಯಾಗಜೀನ್‌ಗಳಿದ್ದವು, ಪಜಲ್ಲೂ ಇತ್ತು. ಆ ಎಂಟು ನಿಮಿಷದಲ್ಲಿ ಎಷ್ಟು ಹೊತ್ತು ಪಜಲ್ ಮುಟ್ಟಿದರು ಅನ್ನುವುದೇ ಲೆಕ್ಕ. ದುಡ್ಡು ಸಿಕ್ಕ ಸಲ ಆ ಗುಂಪಿನವರು ಜಾಸ್ತಿ ಆಡಿದರು. ದುಡ್ಡು ನಿಂತ ಮೂರನೇ ಸಲ, ಮೊದಲ ಸಲಕ್ಕಿಂತಲೂ ಕಡಿಮೆ. ಮೊದಲು ಸುಮ್ನೆ ಖುಷಿಗೆ ಆಡುತ್ತಿದ್ದದ್ದು ಈಗ ಕೂಲಿ ಕೆಲಸ ಆಗಿತ್ತು.

ಇದನ್ನೇ ಹಿಡಿದುಕೊಂಡು "ನೋಡ್ರೀ, ದುಡ್ಡು ಮುಖ್ಯ ಅಲ್ಲ" ಅನ್ನುವ ಬಾಸ್‌ಗಳನ್ನು ಕಂಡಿದ್ದೇನೆ. ಸಂಬಳ ಹೆಚ್ಚಿಸುವ ತಿಂಗಳಲ್ಲೇ ಅವರಿಗೆ ಈ ಮನಶ್ಶಾಸ್ತ್ರ ನೆನಪಾಗುವುದು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1950ರ ದಶಕದ ಕೊನೆಯಲ್ಲಿ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ, ಬೇಜಾರು ತರುವ ಸಂಗತಿಗಳೇ ಬೇರೆ, ಖುಷಿ ತರುವ ಸಂಗತಿಗಳೇ ಬೇರೆ ಅಂದಿದ್ದರು. ಅವರು ಅಧ್ಯಯನ ಮಾಡಿದ ರೀತಿಯ ಬಗ್ಗೆ ಆಮೇಲೆ ಬೇಕಾದಷ್ಟು ತಕರಾರು ಬಂದಿದೆ. ಆದರೂ ನನ್ನ ಅನುಭವಕ್ಕೆ ಒಂದು ಮಾತು ಹೊಂದುತ್ತದೆ: ಸಂಬಳ ಕಡಿಮೆಯಾದರೆ ಅಥವಾ ಬೇರೆಯವರಿಗಿಂತ ಅನ್ಯಾಯ ಆಗಿದೆ ಅನ್ನಿಸಿದರೆ ಜನ ಒಳಗೊಳಗೇ ಕುದಿಯುತ್ತಾರೆ, ಸರಿಯಾಗಿ ಕೊಟ್ಟರೆ ಕುದಿ ನಿಲ್ಲುತ್ತದೆ. ಅಷ್ಟು ಮಾಡದೆ ಬೇರೆ ಏನು ಮಾಡಿದರೂ ಜನ ನಗುತ್ತಾರೆ. ನಿಮ್ಮ ಮುಂದೆ ನಗಲ್ಲ, ಅಷ್ಟೇ.

ಸರಿ, ಖುಷಿ ಎಲ್ಲಿಂದ ಬರುತ್ತದೆ? ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಜನರಿಂದ ದಿನಾ ಸಂಜೆ ಡೈರಿ ಬರೆಸಿದರು. ಹತ್ತಿರ ಹತ್ತಿರ 12,000 ಬರಹಗಳು ಸೇರಿದವು. ಒಳ್ಳೆಯ ದಿನ ಅಂತ ಜನ ಬರೆದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಒಂದೇ, ತಮಗೆ ಮುಖ್ಯ ಅನ್ನಿಸಿದ ಕೆಲಸ ಒಂದು ಹೆಜ್ಜೆ ಮುಂದೆ ಹೋಗಿರುವುದು. ಸಣ್ಣ ಹೆಜ್ಜೆಯಾದರೂ ಸಾಕು. ಆಮೇಲೆ ಅವರು 669 ಮ್ಯಾನೇಜರ್‌ಗಳಿಗೆ ಐದು ವಿಷಯ ಕೊಟ್ಟು, ಯಾವುದರಿಂದ ಜನಕ್ಕೆ ಹುರುಪು ಬರುತ್ತದೆ, ಕ್ರಮವಾಗಿ ಹೇಳಿ ಅಂದರು. ಕೆಲಸ ಮುಂದೆ ಹೋಗಲು ನೆರವಾಗುವುದಕ್ಕೆ ಸಿಕ್ಕಿದ್ದು ಐದನೇ ಸ್ಥಾನ.

ಅದನ್ನು ಓದಿದಾಗ ನನಗೆ ನನ್ನ ಇನ್‌ಬಾಕ್ಸ್ ನೆನಪಾಯಿತು. ನನ್ನ ಒಂದು 'ಸರಿ' ಅಥವಾ 'ಬೇಡ'ಕ್ಕಾಗಿ ಕಾಯುತ್ತಿದ್ದ ಮೇಲ್‌ಗಳು ಆವತ್ತು ಒಂಬತ್ತು ಇದ್ದವು. ಅತಿ ಹಳೆಯದಕ್ಕೆ ಹದಿನಾರು ದಿನ. ಅಂದರೆ ಒಬ್ಬರ ಕೆಲಸ ಹದಿನಾರು ದಿನದಿಂದ ನನ್ನ ಮೇಜಿನ ಮೇಲೆ ಮಲಗಿದೆ, ನಾನು ಸೋಮವಾರ ಅವರಿಗೇ ಭಾಷಣ ಬಿಗಿಯುತ್ತಿದ್ದೇನೆ! ಆವತ್ತಿನಿಂದ ದಿನದ ಮೊದಲ ಅರ್ಧ ಗಂಟೆ ಬೇರೆಯವರ ದಾರಿ ಬಿಡಿಸುವುದಕ್ಕೇ ಇಟ್ಟಿದ್ದೇನೆ. ನನ್ನ ಸ್ವಂತ ಕೆಲಸ ಆಮೇಲೆ. ನಾನು ಕಲಿತ ಅಭ್ಯಾಸಗಳಲ್ಲಿ ಅತ್ಯಂತ ಸಪ್ಪೆಯಾದದ್ದು ಇದು, ಜಾಸ್ತಿ ಕೆಲಸಕ್ಕೆ ಬಂದದ್ದೂ ಇದೇ. ಭಾಷಣ ನಿಂತಿತು. ಯಾಕೆ ನಿಂತಿತು ಅಂತ ಒಬ್ಬರೂ ಕೇಳಲಿಲ್ಲ, ಅದು ಸ್ವಲ್ಪ ಬೇಜಾರಾಯಿತು.

ಹೊಗಳಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಸೂಪರ್ ಕೆಲಸ" ಅಂದರೆ ಏನೂ ಹೇಳಿದ ಹಾಗಲ್ಲ. "ಕ್ಲೈಂಟ್ ರೇಗಿದಾಗ ನೀವು ವಾದಕ್ಕಿಳಿಯದೆ, ಮೊದಲು ಅವರ ಪಟ್ಟಿ ಪೂರ್ತಿ ಬರೆದುಕೊಂಡಿರಲ್ಲ, ಅದು ಚೆನ್ನಾಗಿತ್ತು" ಅಂದರೆ ಅವರು ಮುಂದಿನ ಸಲವೂ ಹಾಗೇ ಮಾಡುತ್ತಾರೆ. ಆದರೆ ಅದನ್ನು ಹೇಳಬೇಕಾದರೆ ನೀವು ಅಲ್ಲಿ ನೋಡುತ್ತಾ ಇರಬೇಕಾಗುತ್ತದೆ. ಕಷ್ಟ ಇರುವುದು ಅಲ್ಲೇ.

ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಮಾತಾಡುವ ಪದ್ಧತಿ ಮೊದಲೂ ಇತ್ತು. ಹೆಸರಿಗೆ. ಮೀಟಿಂಗ್ ಅಡ್ಡ ಬಂದರೆ ಮೊದಲು ರದ್ದಾಗುತ್ತಿದ್ದದ್ದು ಅದೇ. ಒಬ್ಬರದನ್ನು ನಾಲ್ಕು ವಾರ ಸತತವಾಗಿ ರದ್ದು ಮಾಡಿದ್ದೆ, ಐದನೇ ವಾರ ಅವರು ರಾಜೀನಾಮೆ ಪತ್ರ ಹಿಡಿದು ಬಂದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೇಳಿದೆ. "ಇಲ್ಲ ಸರ್, ಹಾಗೇನಿಲ್ಲ" ಅಂದರು. ಹೋಗುವವರು ಯಾರಾದರೂ ನಿಜ ಹೇಳುತ್ತಾರಾ? ಈಗ ಸಮಯ ಬದಲಾಯಿಸುತ್ತೇನೆ, ರದ್ದು ಮಾಡುವುದಿಲ್ಲ. ಮಾತು ಶುರು ಮಾಡುವುದೂ ಅವರೇ. ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ ಅದು ಲೆಕ್ಕ ಒಪ್ಪಿಸುವ ಸಭೆ ಆಗಿಬಿಡುತ್ತದೆ, ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ: ಈ ವಾರ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ? ಮೊದಲ ಒಂದು ತಿಂಗಳು ಎಲ್ಲರೂ "ಎಲ್ಲೂ ಇಲ್ಲ" ಅಂದರು.

ಯಾಕೆ ಹಾಗನ್ನುತ್ತಾರೆ ಅಂತ ಸಂಶೋಧಕಿ ಆಮಿ ಎಡ್ಮಂಡ್‌ಸನ್ ಅವರ ಆಸ್ಪತ್ರೆ ಅಧ್ಯಯನ ಓದಿದಾಗ ಹೊಳೆಯಿತು. 1990ರ ದಶಕದಲ್ಲಿ ಅವರು ಹುಡುಕಲು ಹೊರಟದ್ದು, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪು ಕಡಿಮೆಯಾ ಅಂತ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಕೆದಕಿ ನೋಡಿದರೆ, ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಟೊಯೋಟಾ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಗೆಟುಕುವ ಹಾಗೆ ಒಂದು ಹಗ್ಗ ಇರುತ್ತಿತ್ತು, ಆಂಡಾನ್ ಅಂತ. ಏನೋ ಸರಿ ಇಲ್ಲ ಅನ್ನಿಸಿದ ತಕ್ಷಣ ಯಾರು ಬೇಕಾದರೂ ಅದನ್ನು ಎಳೆಯಬಹುದು, ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಆ ಜಾಗಕ್ಕೆ ಬರುತ್ತಾನೆ, ಅಲ್ಲಲ್ಲೇ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಯಾರು ಬೇಕಾದರೂ ಕಟ್ಟಿಸಬಹುದು. ಎಳೆದವನ ಹತ್ತಿರ ಬಂದಾಗ ಮುಖ್ಯಸ್ಥನ ಮುಖ ಹೇಗಿರುತ್ತದೆ ಅನ್ನುವುದರ ಮೇಲೆ, ಎರಡನೇ ಸಲ ಎಳೆಯುತ್ತಾರೋ ಇಲ್ಲವೋ ಗೊತ್ತಾಗುತ್ತದೆ.

ನನ್ನ ಮುಖ ಚೆನ್ನಾಗಿರುತ್ತಿರಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ಒಂದು ವಾರ ನಾನೇ ಮೊದಲು ಹೇಳಿದೆ: ಈ ಯೋಜನೆಗೆ ಆರು ವಾರ ಸಾಕು ಅಂತ ಮೇಲಿನವರಿಗೆ ಮಾತು ಕೊಟ್ಟಿದ್ದು ನಾನು, ಯಾರನ್ನೂ ಕೇಳದೆ ಕೊಟ್ಟೆ, ಅದು ತಪ್ಪು ಲೆಕ್ಕ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬರು, ತಾವು ಎರಡು ವಾರ ಹಿಂದೆಯೇ ಹಿಂದೆ ಬಿದ್ದಿದ್ದರೂ ಹೇಳಿರಲಿಲ್ಲ ಅಂದರು. ಇನ್ನೊಬ್ಬರೂ ಬಾಯಿಬಿಟ್ಟರು. ಆವತ್ತಿನ ಸಭೆ ಮುಗಿಯುವಾಗ ನನಗೆ ತಲೆನೋವು ಬಂದಿತ್ತು, ಆದರೆ ಯೋಜನೆ ನಿಜವಾಗಿ ಎಲ್ಲಿದೆ ಅಂತ ಮೊದಲ ಸಲ ಗೊತ್ತಾಗಿತ್ತು.

ಎಲ್ಲ ಸರಿಹೋಗಿದೆ ಅಂತಲ್ಲ. ರಾತ್ರಿ ಮೆಸೇಜ್ ಕಳಿಸುವ ಚಟ ಇನ್ನೂ ಇದೆ. "ನಾಳೆ ನೋಡಿದರೆ ಸಾಕು" ಅಂತ ಕೆಳಗೆ ಬರೆದರೆ ಏನೂ ಆಗಲ್ಲ ಅಂದುಕೊಂಡಿದ್ದೆ. ಬಾಸ್ ಹೆಸರು ಫೋನಿನಲ್ಲಿ ಮಿನುಗಿದರೆ ಯಾರು ನಾಳೆವರೆಗೆ ಕಾಯುತ್ತಾರೆ, ಅಲ್ವಾ? ಈಗ ಬರೆದು ಬೆಳಿಗ್ಗೆ ಒಂಬತ್ತಕ್ಕೆ ಹೋಗುವ ಹಾಗೆ ಇಡುತ್ತೇನೆ. ನೆನಪಿದ್ದಾಗ.

ಇನ್ನು ಆ ವರದಿ. ಆ ಸಲ ನಾನು ಅದನ್ನು ಮುಟ್ಟಲಿಲ್ಲ. ಕೈ ತುರಿಸುತ್ತಿತ್ತು, ನಿಜ ಹೇಳುತ್ತೇನೆ. ಹನ್ನೊಂದು ಕಾಮೆಂಟ್ ಬರೆದೆ. ಮತ್ತೆ ಓದಿದರೆ ಎಂಟು ಬರೀ ನನ್ನ ರುಚಿಯ ವಿಷಯ, 'ಆದ್ದರಿಂದ' ಬದಲು 'ಹಾಗಾಗಿ' ಅನ್ನುವಂಥವು. ಅವನ್ನು ಅಳಿಸಿ ಮೂರು ಉಳಿಸಿ ಕಳಿಸಿದೆ, ಅವರ ಹೆಸರಿನಲ್ಲೇ ಮೇಲಕ್ಕೆ ಹೋಗುತ್ತದೆ ಅಂತಲೂ ಹೇಳಿದೆ. ಎರಡು ದಿನ ತಡವಾಗುತ್ತದೆ ಅಂತ ಮೇಲಿನವರಿಗೆ ನಾನೇ ಹೇಳಿಕೊಂಡೆ.

ವಾಪಸ್ ಬಂದಾಗ ಎರಡು ಕಾಮೆಂಟ್ ಪ್ರಕಾರ ಬದಲಾಯಿಸಿದ್ದರು. ಮೂರನೆಯದರ ಕೆಳಗೆ, "ಇದು ಹೀಗೇ ಇರಲಿ ಸರ್, ಮಾರ್ಚ್ ತಿಂಗಳ ಅಂಕಿ ಸೇರಿಸಿದರೆ ನಿಮ್ಮ ಲೆಕ್ಕ ನಿಲ್ಲಲ್ಲ" ಅಂತ ಬರೆದಿದ್ದರು. ಮಾರ್ಚ್ ಸೇರಿಸಿ ನೋಡಿದೆ. ನಿಲ್ಲಲಿಲ್ಲ.