ಎಡಕ್ಕೊಂದು ಗೆರೆ

ನಿನ್ನೆಯಿಂದ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಓದುತ್ತಿದ್ದ ರೀತಿಯೇ ತಲೆಯಲ್ಲಿ ಕೂತಿದೆ. ಅಣ್ಣ, ತಮ್ಮ ಕೇಂಬ್ರಿಡ್ಜ್‌ಗೆ ಹೋದರು. ಇವರಿಗೆ ಸಿಕ್ಕಿದ್ದು ಲಂಡನ್ನಿನ ಮನೆಯಲ್ಲಿದ್ದ ಅಪ್ಪನ ಪುಸ್ತಕಗಳು. ಏನು ಬೇಕಾದರೂ ಓದು ಅಂತ ಅಪ್ಪ ಬಿಟ್ಟಿದ್ದರಂತೆ. ಎಂಥಾ ಭಾಗ್ಯ, ಅಲ್ವಾ? ಗ್ರೀಕ್ ಮಾತ್ರ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದಲ್ಲಿ, ಆಮೇಲೆ ಮನೆಪಾಠದಲ್ಲಿ ಕಲಿತರು.

ನನಗೆ ಜಾಸ್ತಿ ಇಷ್ಟವಾಗಿದ್ದು ಅವರ ನೋಟ್‌ಬುಕ್. ಹಾಳೆಯ ಎಡಕ್ಕೆ ಉದ್ದಕ್ಕೊಂದು ಗೆರೆ. ಗೆರೆಯ ಆಚೆ ಓದುತ್ತಿರುವ ಪುಸ್ತಕದ ಪುಟಸಂಖ್ಯೆ, ಈಚೆ ತಮಗೆ ಅನ್ನಿಸಿದ್ದು. 1925ರ ‘ದಿ ಕಾಮನ್ ರೀಡರ್’ ಪ್ರಬಂಧಗಳ ಹಿಂದೆ ಇಂಥ ಹಾಳೆಗಳೇ ಇವೆ. ಅದಕ್ಕಾಗಿ ಗ್ರೀಕ್ ನಾಟಕಗಳನ್ನು ಮತ್ತೆ ಕೂತು ಓದಿದ್ದರು.

ನಾನು ಪುಸ್ತಕದ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಗೀಚುವವಳು. ಇವತ್ತು 200 ಪುಟದ ನೋಟ್‌ಬುಕ್ ತಂದೆ. ಸ್ಕೇಲ್ ಇಟ್ಟು ಗೆರೆ ಎಳೆದೆ. ಬರೆಯೋಕೆ ಕೈ ಸ್ವಲ್ಪ ತಡೆಯಿತು. ಆಮೇಲೆ ಬರೆದೆ: ಪುಟ 14.