ಗಾಡಿ ಸುಮ್ಮನಾದರೆ ಗೊತ್ತಾಗುತ್ತದೆ, ಮನುಷ್ಯ ಸುಮ್ಮನಾದರೆ?

ನಾನಿರುವುದು ಒಂದು ಗೋದಾಮಿನ ಸಾಫ್ಟ್‌ವೇರ್ ತಂಡದಲ್ಲಿ. ತಾವೇ ಓಡಾಡುವ ಗಾಡಿಗಳು, ಕೆಲಸ ಹಂಚುವ ಸಾಫ್ಟ್‌ವೇರ್ ಏಜೆಂಟ್‌ಗಳು, ಸಾಮಾನು ಎತ್ತಿಡುವ ಜನ, ಈ ಮೂವರ ನಡುವೆ ಹೊಂದಾಣಿಕೆ ತರುವುದೇ ನಮ್ಮ ಕೆಲಸ.

ಗಾಡಿಗಳದ್ದು ಸುಲಭ. 1980ರಲ್ಲಿ ರೀಡ್ ಸ್ಮಿತ್ ವಿವರಿಸಿದ ಕಾಂಟ್ರಾಕ್ಟ್ ನೆಟ್ ವಿಧಾನ ಇವತ್ತಿಗೂ ಸಾಕು. ಏಜೆಂಟ್ ಕೆಲಸ ಸಾರುತ್ತದೆ, ಗಾಡಿಗಳು ದೂರ, ಬ್ಯಾಟರಿ ನೋಡಿಕೊಂಡು ಬಿಡ್ ಹಾಕುತ್ತವೆ, ಒಳ್ಳೆ ಬಿಡ್‌ಗೆ ಕೆಲಸ ಸಿಗುತ್ತದೆ. ಗಾಡಿ ನಡುವೆ ಕೆಟ್ಟರೂ ಚಿಂತೆಯಿಲ್ಲ. ಸಂದೇಶ ಸಾಗಿಸಲು ನಾವು ಬಳಸುವ ಎಂಕ್ಯೂಟಿಟಿ ಅನ್ನುವ ಪ್ರೋಟೋಕಾಲ್ (ಸಂದೇಶ ವಿನಿಮಯದ ನಿಯಮ) 1999ರಲ್ಲಿ ತೈಲ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಹುಟ್ಟಿದ್ದು. ಸಂಪರ್ಕ ಯಾವಾಗ ಬೇಕಾದರೂ ಹೋಗುತ್ತದೆ ಅಂತ ಲೆಕ್ಕ ಹಾಕಿಯೇ ಮಾಡಿದ್ದಾರೆ. ಗಾಡಿ ಬ್ರೋಕರ್‌ಗೆ, ಅಂದರೆ ಸಂದೇಶಗಳನ್ನು ಹಂಚುವ ಸರ್ವರ್‌ಗೆ, ಸೇರುವಾಗಲೇ ಒಂದು ಉಯಿಲು, ಅಂದರೆ ತನ್ನ ಕೊನೆಯ ಸಂದೇಶ, ಕೊಟ್ಟಿರುತ್ತದೆ. ಹೇಳದೆ ಕೇಳದೆ ಸುಮ್ಮನಾದರೆ ಬ್ರೋಕರ್ ಅದನ್ನು ಕೇಳಲು ನೋಂದಾಯಿಸಿಕೊಂಡವರಿಗೆಲ್ಲ ತಿಳಿಸುತ್ತದೆ.

ಮನುಷ್ಯರಿಗೆ ಅಂಥ ಉಯಿಲಿಲ್ಲ. ಕೈಯಲ್ಲಿನ ಸ್ಕ್ಯಾನರ್‌ಗೆ ಸಂದೇಶ ಹೋಯಿತು, ಉತ್ತರ ಬರಲಿಲ್ಲ ಅಂದರೆ ಏನರ್ಥ? ಎರಡೂ ಕೈಯಲ್ಲಿ ಪೆಟ್ಟಿಗೆ ಇರಬಹುದು. ನೋಡಿರಲಿಕ್ಕಿಲ್ಲ. ನೋಡಿ ಆಗಲೇ ಕೆಲಸ ಶುರು ಮಾಡಿರಬಹುದು. ಅಥವಾ "ಇದೇನು ತಲೆಬುಡ ಇಲ್ಲದ ಕೆಲಸ" ಅಂದುಕೊಂಡಿರಬಹುದು. ಹಳೇ ವ್ಯವಸ್ಥೆಗೆ ಎಲ್ಲವೂ ಒಂದೇ: ಮತ್ತೆ ಬೀಪ್. ಜನ ಶಬ್ದ ಆಫ್ ಮಾಡಿದರು. ಮಾಡದೆ ಇನ್ನೇನು?

ಈಗ ಮೂರು ಬಟನ್ ಇವೆ: ತಗೊಂಡೆ, ಈಗ ಆಗಲ್ಲ, ಇದು ಸರಿ ಇಲ್ಲ. ಮೂರನೆಯದಕ್ಕೆ ಜಾಸ್ತಿ ವಿರೋಧ ಬಂತು, ಎಲ್ಲರೂ ಅದನ್ನೇ ಒತ್ತಿ ಜಾರಿಕೊಳ್ಳುತ್ತಾರೆ ಅಂತ. ಹಾಗಾಗಲಿಲ್ಲ. ದಾರಿಗೆ ಅಡ್ಡ ನಿಂತ ಪ್ಯಾಲೆಟ್, ತಪ್ಪು ಲೇಬಲ್ ಅಂಟಿದ ರ‍್ಯಾಕ್, ಸೆನ್ಸರ್‌ಗೆ ಕಾಣದ ಸೋರಿಕೆ, ಇವೆಲ್ಲ ಏಜೆಂಟ್‌ಗಳಿಗೆ ಮೊದಲು ಗೊತ್ತಾಗುವುದು ಆ ಬಟನ್ನಿಂದಲೇ. ಆದರೆ ಇಲ್ಲಿ ಒಂದು ಷರತ್ತಿದೆ, ಅದರ ಮೇಲೆ ನಾವು ಹಟ ಹಿಡಿದೆವು. ಯಾರು ಎಷ್ಟು ಸಲ "ಈಗ ಆಗಲ್ಲ" ಒತ್ತಿದರು ಅನ್ನುವ ಲೆಕ್ಕ ಮೇಲ್ವಿಚಾರಕರ ವರದಿಗೆ ಹೋಗಕೂಡದು. ಹೋದ ದಿನವೇ ಎಲ್ಲರೂ "ತಗೊಂಡೆ" ಒತ್ತಿ ಸುಮ್ಮನಾಗುತ್ತಾರೆ. ಆಮೇಲೆ ಆ ಮಾಹಿತಿಯನ್ನು ನಂಬಿ ಗಾಡಿ ಓಡಿಸುವುದು ಹೇಗೆ?

ಸಂದೇಶದ ಮಾತನ್ನೂ ಬದಲಿಸಿದೆವು. ಏಜೆಂಟ್ ಆಗಲೇ ಏನು ಮಾಡಿ ನೋಡಿದೆ, ಎಷ್ಟು ಹೊತ್ತಿನೊಳಗೆ ಬೇಕು, ಉತ್ತರ ಬರದಿದ್ದರೆ ಏನು ಮಾಡುತ್ತದೆ, ಇಷ್ಟೇ. ಗ್ಲೌಸ್ ಹಾಕಿದವರು ಉದ್ದ ಓದಲ್ಲ.

ಏಜೆಂಟ್‌ಗಳು ತಮ್ಮತಮ್ಮಲ್ಲಿ ಮಾತಾಡಲು 2025ರಲ್ಲಿ ಬಂದ ಎ2ಎ ಪ್ರೋಟೋಕಾಲಿನಲ್ಲಿ "ಇನ್‌ಪುಟ್ ಬೇಕು" ಅನ್ನುವ ಸ್ಥಿತಿಯೇ ಇದೆ, ಒಳ್ಳೆಯದೇ. ಆದರೆ ಯಾರನ್ನು ಕೇಳಬೇಕು, ಎಷ್ಟು ಕಾಯಬೇಕು ಅನ್ನುವುದನ್ನು ನಾವೇ ಬರೆದುಕೊಳ್ಳಬೇಕು. ನಮ್ಮಲ್ಲಿ ಇನ್ನೂ ಜಗಳ ನಡೆಯುತ್ತಿರುವುದು ಶಿಫ್ಟ್ ಬದಲಾಗುವ ಹೊತ್ತಿನ ಬಗ್ಗೆ. "ತಗೊಂಡೆ" ಅಂದವರು ಮನೆಗೆ ಹೋಗಿರುತ್ತಾರೆ, ಕೆಲಸ ಅರ್ಧ ಆಗಿರುತ್ತದೆ. ಸದ್ಯಕ್ಕೆ ಅಂಥದ್ದನ್ನು ಏಜೆಂಟ್ ಸುಮ್ನೆ ಬೇರೆಯವರಿಗೆ ದಾಟಿಸುವ ಹಾಗಿಲ್ಲ, ಮುಂದಿನವರು ಒಪ್ಪುವ ತನಕ ಅದು ಶಿಫ್ಟ್ ಮೇಲ್ವಿಚಾರಕರ ಹೆಸರಲ್ಲಿ ಇರುತ್ತದೆ.