ಆಟಿಯ ತೇವ, ಆರು ಎಲೆಕ್ಟ್ರಾನುಗಳ ಲೆಕ್ಕ

ಮಾಲಿಬ್ಡಿನಮ್ ಲೋಹದಲ್ಲಿ ಅಕ್ಕಪಕ್ಕದ ಪರಮಾಣುಗಳಿಗೆ 2.73 ಆಂಗ್‌ಸ್ಟ್ರಾಮ್ (ಒಂದು ಮೀಟರಿನ ಸಾವಿರ ಕೋಟಿಯ ಒಂದು ಪಾಲು) ಅಂತರ. ಸತು 2, ಮಾಲಿಬ್ಡಿನಮ್ 3, ಆಕ್ಸಿಜನ್ 8 ಇರುವ ಆಕ್ಸೈಡಿನಲ್ಲಿ ಅದು ಸುಮಾರು 2.53. ಸುತ್ತ ಆಕ್ಸಿಜನ್ ಇದ್ದೂ ಲೋಹದಲ್ಲಿರುವುದಕ್ಕಿಂತ ಹತ್ತಿರ! ಮೂರು ಮೂರು ಪರಮಾಣುಗಳು ತ್ರಿಕೋನ ಕಟ್ಟುತ್ತವೆ, ಒಂದೊಂದೂ ಎರಡೆರಡು ಎಲೆಕ್ಟ್ರಾನ್ ಹಾಕುತ್ತದೆ. ಆರು ಎಲೆಕ್ಟ್ರಾನಿಗೆ ಮೂರು ಬಂಧ, ಲೆಕ್ಕ ಚುಕ್ತಾ. ಓಡಾಡಲು ಯಾವುದೂ ಉಳಿಯದ ಕಾರಣ ಇದು ಲೋಹದಂತೆ ವಿದ್ಯುತ್ ಹರಿಸುವುದಿಲ್ಲ. ಒಂದು ಲಿಥಿಯಮ್ ಸೇರಿಸಿದರೆ ಏಳನೆಯ ಎಲೆಕ್ಟ್ರಾನ್ ಒಂಟಿಯಾಗಿ ನಿಂತು ಕಾಂತೀಯತೆ ಬರುತ್ತದೆ. ಸೋಡಿಯಮ್ 1, ಮಾಲಿಬ್ಡಿನಮ್ 4, ಆಕ್ಸಿಜನ್ 6ರ ಆಕ್ಸೈಡಿನಲ್ಲಿ (1979) ಮಾಲಿಬ್ಡಿನಮ್ ಗುಂಪುಗಳೇ ಅಂಚು ಹಂಚಿಕೊಂಡು ಸರಪಳಿಯಾಗುತ್ತವೆ; ಅದು ಲೋಹದಂತೆಯೇ ವರ್ತಿಸುತ್ತದೆ.

ಈಗ ಮೊದಲು ಹೇಳಿದ ಸತು-ಮಾಲಿಬ್ಡಿನಮ್ ಆಕ್ಸೈಡಿನ ತಯಾರಿ. 1 ಗ್ರಾಂಗೆ ಸತುವಿನ ಆಕ್ಸೈಡ್ 0.298, ಮಾಲಿಬ್ಡಿನಮ್ ಟ್ರೈಆಕ್ಸೈಡ್ 0.527, ಮಾಲಿಬ್ಡಿನಮ್ ಪುಡಿ 0.175 ಗ್ರಾಂ. ಮಂಗಳೂರಿನಲ್ಲಿ, ಅದೂ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು), ತೂಗುವುದೇ ಕಷ್ಟದ ಕೆಲಸ. ಡಬ್ಬಿಯಿಂದ ತೆಗೆದ ಪುಡಿಯನ್ನು ನೇರ ತಕ್ಕಡಿಗೆ ಹಾಕಬೇಡಿ: ನೀರಿನ ತೂಕ ಸತುವಿನ ಲೆಕ್ಕಕ್ಕೆ ಸೇರಿ, ಸತು ಕಡಿಮೆ ಬಿದ್ದು, ಮಾಲಿಬ್ಡಿನಮ್ ಡೈಆಕ್ಸೈಡ್ ಉಳಿಯುತ್ತದೆ. ಸತುವಿನ ಆಕ್ಸೈಡನ್ನು 600 ಡಿಗ್ರಿಯಲ್ಲಿ, ಟ್ರೈಆಕ್ಸೈಡನ್ನು 400ರಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿದ ಪಾತ್ರೆ) ಆರಿಸಿ, ಕೂಡಲೇ ತೂಗಿ. ಡೆಸಿಕೇಟರಿನ ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾಗಿದ್ದರೆ ಅದು ಬರೀ ಗಾಜಿನ ಪಾತ್ರೆ.

ತೇವದ ಇನ್ನೊಂದು ಕಾಟ ಒತ್ತಡ. ಪುಡಿಗಳನ್ನು ಮುಚ್ಚಿ ಕಾಯಿಸುವ 10 ಮಿಲಿಲೀಟರ್ ಕೊಳವೆಯೊಳಗೆ 10 ಮಿಲಿಗ್ರಾಂ ನೀರು ಉಳಿದರೆ 1050 ಡಿಗ್ರಿಯಲ್ಲಿ ಸುಮಾರು 6 ವಾತಾವರಣದ ಒತ್ತಡ. ಕೊಳವೆ ಒಡೆಯಲು ಬೇರೆ ಕಾರಣ ಬೇಕಿಲ್ಲ. ಆದ್ದರಿಂದ ಪುಡಿಗಳನ್ನು ಬೆರೆಸಿ ಪೆಲೆಟ್ (ಬಿಲ್ಲೆ) ಒತ್ತಿ, ನಿರ್ವಾತದಲ್ಲಿಯೇ ಬಿಸಿ ಮಾಡಿ ತೇವ ಎಳೆದು, ಆಮೇಲೆ ಸಿಲಿಕಾ ಕೊಳವೆಯ ಬಾಯಿ ಮುಚ್ಚಿ. ಪೆಲೆಟ್ ಅಲ್ಯೂಮಿನಾ ಮೂಸೆಯಲ್ಲಿರಲಿ. ಸತುವಿನ ಆಕ್ಸೈಡ್ ಸಿಲಿಕಾವನ್ನೇ ತಿಂದು ಸಿಲಿಕೇಟ್ ಆಗುತ್ತದೆ.

ಅವಸರದಿಂದ ಕಾಯಿಸಬೇಡಿ. ಟ್ರೈಆಕ್ಸೈಡ್ 795 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಆವಿಯಾಗಿ ಕೊಳವೆಯ ತಣ್ಣನೆಯ ತುದಿಯಲ್ಲಿ ಹರಳುಗಟ್ಟುತ್ತದೆ. 650ರಲ್ಲಿ 12 ಗಂಟೆ ನಿಲ್ಲಿಸಿದರೆ ಲೋಹದ ಪುಡಿಯೊಡನೆ ಸೇರಿ ಡೈಆಕ್ಸೈಡ್ ಆಗಿ ಸುಮ್ಮನಾಗುತ್ತದೆ. ನಂತರ 1050ರಲ್ಲಿ 24 ಗಂಟೆ.

ಎಕ್ಸ್‌ಆರ್‌ಡಿಯಲ್ಲಿ (ಹರಳಿನ ಗುರುತು ಹಿಡಿಯುವ ಎಕ್ಸ್-ಕಿರಣ ಪರೀಕ್ಷೆ; ಇಲ್ಲಿ ತಾಮ್ರದ ಕಿರಣ) 25.3 ಡಿಗ್ರಿ ಕೋನದ ಗೆರೆ ನಮ್ಮದು, 26.0ರದ್ದು ಉಳಿದ ಡೈಆಕ್ಸೈಡಿನದು. ಅದು ಕಂಡರೆ ಅರೆದು ಮತ್ತೆ ಕಾಯಿಸಿ. ಹಾಗೂ ಹೋಗದಿದ್ದರೆ ಕುಲುಮೆಯನ್ನು ಬೈಯಬೇಡಿ, ಸತುವಿನ ಆಕ್ಸೈಡ್ ತೂಗಿದ ದಿನ ಮಳೆ ಇತ್ತೇ ಎಂದು ನೋಟ್‌ಬುಕ್ ನೋಡಿ.